ಆರು ಕಡ್ಡಿ ಕಮ್ಮಿ

ಬೆಂಗಳೂರಿಂದ ಬಂದ ಹುಡುಗ, ದಪ್ಪ ಕನ್ನಡಕ,
ಅದೇ ತಾನೆ ಹೆಸರು ಬದಲಾಯಿಸಿಕೊಂಡವನು,
"ಇನ್ನು ನಾವೆಲ್ಲ ಭೂಗತರಾಗಬೇಕು" ಅಂದಾಗ
ದೊರೈಕಣ್ಣು ನಕ್ಕುಬಿಟ್ಟ.
"ಸಾಮಿ, ನಮ್ಮ ತಾತನ ಕಾಲದಿಂದ ಅದೇ ಕಸುಬು.
ಬೆಳಗ್ಗೆ ಆರಕ್ಕೆ ಭೂಗತ, ಎರಡಕ್ಕೆ ಮೇಲೆ,
ಭಾನುವಾರ ರಜ."

ಮಾರಿಕುಪ್ಪದ ಲೈನ್ ಮನೆ. ತಡಿಕೆ ಗೋಡೆ.
ಪಕ್ಕದವರು ಮೆಣಸಿನಕಾಯಿ ಹುರಿದರೆ
ನಮಗೆ ಕೆಮ್ಮು ಬರುವ ಗೋಡೆ.
ಅಲ್ಲಿ ಗುಟ್ಟು ಮಾತಾಡುವುದು ಹೇಗೆ?
ರೇಡಿಯೋ ಜೋರು ಮಾಡಿದೆವು.
ಅದು ದೇಶಕ್ಕೆ ಇಪ್ಪತ್ತು ಅಂಶ ಎಣಿಸುತ್ತಿತ್ತು,
ಐದು ಜನ ನಾವು, ಕಡ್ಡಿ ಎಣಿಸುತ್ತಿದ್ದೆವು.

ನಾನು ಮದ್ದಿನ ಮನೆಯ ಗುಮಾಸ್ತ, ಪಿಳ್ಳಪ್ಪ.
ನಮ್ಮವ್ವ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು,
ಮಗ ಮದ್ದು ಕೊಡುವ ಕೆಲಸದಲ್ಲಿದ್ದಾನೆ ಅಂತ;
ಜ್ವರ ಬಂದವರನ್ನು ಕರಕೊಂಡು ಬಂದಿದ್ದಳು ಒಮ್ಮೆ.
ಜಿಲೆಟಿನ್ ಎಷ್ಟು ಇಳಿಯಿತು, ಎಷ್ಟು ಮರಳಿತು,
ನೀಲಿ ಶಾಯಿ, ಕೆಂಪು ಗೆರೆ, ಕೆಳಗೆ ನನ್ನ ರುಜು.
ಹದಿನಾಲ್ಕು ವರ್ಷ ಒಂದು ಚಿತ್ತಿಲ್ಲ.
ಆ ದಿನ ಮೂವತ್ತೆರಡು ಇಳಿದಿತ್ತು.
ಎರಡರ ಬಾಲವನ್ನು ಎತ್ತಿ ತಲೆಗೆ ಕಟ್ಟಿದೆ,
ಎಂಟಾಯಿತು.
ರಾಜದ್ರೋಹ ಅಂದರೆ ಅಷ್ಟೇ,
ಪೆನ್ನು ಎತ್ತದೆ ಒಂದು ಸುತ್ತು.

ಅಂಜಲೈ ಹೊತ್ತಳು ಅದನ್ನು,
ತವರಿನಿಂದ ಬಂದ ಹಿತ್ತಾಳೆ ಕ್ಯಾರಿಯರಿನಲ್ಲಿ.
ಮೇಲಿನ ತಟ್ಟೆಯಲ್ಲಿ ಅನ್ನ, ಒಣಮೀನು;
ಕೆಳಗಿನೆರಡರಲ್ಲಿ ಮೂರು ಮೂರು
ತಲೆನೋವು ಬರಿಸುವ ಆ ಸಿಹಿ ವಾಸನೆ.
ಗೇಟಿನ ಪೋಲೀಸು ಮುಚ್ಚಳ ತೆಗೆದ,
ಮೀನು ಕಂಡ, ಒಂದು ತುಂಡು ತಿಂದ.

"ಗಾಡಿ ಇಲ್ಲದ ಹೊತ್ತು" ಅಂದಿದ್ದ ಹುಡುಗ,
"ಯಾರೂ ಸಾಯಕೂಡದು. ಕಬ್ಬಿಣ ಮುರಿದರೆ ಸಾಕು,
ದಿಲ್ಲಿಗೆ ಕೇಳಿಸಿದರೆ ಸಾಕು."
ಬಂಗಾರಪೇಟೆ ದಾರಿಯ ಸಣ್ಣ ಸೇತುವೆ,
ಕೆಳಗೆ ನೀರಿಲ್ಲ, ಕಳ್ಳಿ, ಸೈನೈಡ್ ದಿಬ್ಬದಿಂದ
ಹಾರಿಬಂದ ಬಿಳಿ ಮಣ್ಣು.
ದೊರೈಕಣ್ಣು ಬತ್ತಿ ಅಳೆಯುತ್ತಿದ್ದ, ಗೇಣಿನಲ್ಲಿ.
ಹುಡುಗ ಬೆಂಕಿಪೊಟ್ಟಣ ಹಿಡಿದು
ನಡುಗುವ ಕೈಯನ್ನು ಚಳಿಯ ಮೇಲೆ ಹಾಕುತ್ತಿದ್ದ.

ಆಗ ನೆಲ ಅದುರಿತು.

ನಮ್ಮದಲ್ಲ. ನಾವಿನ್ನೂ ಹಚ್ಚಿರಲಿಲ್ಲ.
ಆಳದಲ್ಲೆಲ್ಲೋ ಕಲ್ಲು ತನ್ನ ಪಾಡಿಗೆ ತಾನು
ಸಿಡಿದಿತ್ತು. ಏರ್‌ಬ್ಲಾಸ್ಟು.
ಹಳಿ ಒಂದು ಸಲ ಝಣ್ ಅಂತು, ಸುಮ್ಮನಾಯಿತು.
ಆಮೇಲೆ ಸಂಗು.
ಗಣಿಯವರಿಗೆ ಸಂಗು ಕೂಗಿದ ಮೇಲೆ
ಬೇರೆ ಯಾವ ಸರ್ಕಾರವೂ ಇಲ್ಲ. ಓಡಿದೆವು.

ಶಾಫ್ಟಿನ ಬಾಯಲ್ಲಿ ಹೆಂಗಸರು,
ಲಾಟೀನು, ಎತ್ತಿದ ಮಕ್ಕಳು, ಮಾತಿಲ್ಲ.
ಹಿತ್ತಾಳೆ ಬಿಲ್ಲೆಗಳ ಹಲಗೆಯಲ್ಲಿ
ಏಳು ಮೊಳೆ ಖಾಲಿ.
ದೊರೈಕಣ್ಣು ತನ್ನ ಬಿಲ್ಲೆ ಕಿತ್ತುಕೊಂಡು ಇಳಿದ.
ಈಗ ಎಂಟು.

ಹುಡುಗ ಹೋಗಬಹುದಿತ್ತು. ಕತ್ತಲಿತ್ತು, ರೈಲಿತ್ತು.
ಪೋಲೀಸ್ ಜೀಪಿನ ದೀಪದ ಎದುರೇ ನಿಂತು
ಬೆಳಗಿನವರೆಗೆ ಬಿಂದಿಗೆ ಬಿಂದಿಗೆ ನೀರು ದಾಟಿಸಿದ.
ಬೆಳಗಾದ ಮೇಲೆ ಇನ್ಸ್‌ಪೆಕ್ಟರು ಚೀಟಿ ನೋಡಿ ಓದಿದಾಗ
ನಮಗೆ ಗೊತ್ತಾಯಿತು, ಅವನ ಹೆಸರು ಪುಂಡರೀಕ.
ಬಿಂದಿಗೆಯನ್ನು ಅಂಜಲೈ ಕೈಗೆ ಕೊಟ್ಟೇ ಜೀಪು ಹತ್ತಿದ.

ದೊರೈಕಣ್ಣು ಮೂರನೆಯ ದಿನ ಮೇಲೆ ಬಂದ.
ಮಾತು ಮೇಲೆ ಬರಲಿಲ್ಲ.
ನಾನು ಸೇತುವೆಗೆ ಹೋದೆ. ಕ್ಯಾರಿಯರಿಲ್ಲ, ಬತ್ತಿಯಿಲ್ಲ,
ಕಳ್ಳಿ ಹಾಗೇ ಇತ್ತು.
ಯಾರು ಒಯ್ದರು? ಇಂದಿಗೂ ತಿಳಿಯದು.

ಎಪ್ಪತ್ತೇಳರ ಬೇಸಿಗೆಯಲ್ಲಿ ಒಂದು ಕಾರ್ಡು ಬಂತು.
ಚುನಾವಣೆ, ಗೆಲುವು, ಏನೂ ಬರೆದಿರಲಿಲ್ಲ ಪುಂಡರೀಕ.
"ಆ ರಾತ್ರಿ ಸಿಕ್ಕವರು ಎಷ್ಟು ಜನ?"
ಮೂವರು ಅಂತ ಬರೆದೆ. ಸಿಗದವರ ಲೆಕ್ಕ
ಅವನು ಕೇಳಿರಲಿಲ್ಲ.

ಗಣಿ ಮುಚ್ಚಿತು. ರಿಜಿಸ್ಟರಿಗೆ ಗೆದ್ದಲು ಹಿಡಿಯಿತು,
ಆಡಿಟರು ಬರಲೇ ಇಲ್ಲ.
ಅಂಜಲೈ ಸಾಯುವವರೆಗೂ ಕೇಳಿದ್ದು ಒಂದೇ:
"ಪಿಳ್ಳಪ್ಪಣ್ಣ, ನನ್ನ ಕ್ಯಾರಿಯರು?"

ಈಗಲೂ ಬೆಳಗಿನ ರೈಲು ಆ ಸೇತುವೆ ದಾಟುವಾಗ
ನನಗರಿವಿಲ್ಲದೆ ಎರಡೂ ಕಾಲು ಎತ್ತುತ್ತೇನೆ.
ಕಡಲೆಕಾಯಿಯವನು, ದಾರಿ ಬಿಟ್ಟೆನೆಂದುಕೊಂಡು,
ತನ್ನ ಬುಟ್ಟಿಯನ್ನು ಅಲ್ಲಿಗೆ ತಳ್ಳುತ್ತಾನೆ.