ಅನುಬಂಧ ಬಿ

ಒಪ್ಪಂದ ನಲವತ್ತೊಂದು ಪುಟ.
ಮೂವತ್ತೆಂಟನೆಯದರಲ್ಲಿ ಒಂದು ಖಾಲಿ ಕೋಷ್ಟಕ:
‘ವಿಶ್ವವಿದ್ಯಾಲಯವು ಮೊದಲೇ ಹೊಂದಿರುವ ಜ್ಞಾನ.
ಪಟ್ಟಿ ಮಾಡಿ. ಬಿಟ್ಟುಹೋದದ್ದಕ್ಕೆ ಹಕ್ಕಿಲ್ಲ.’
ಕನ್ನಡ ಪ್ರತಿಯಲ್ಲಿ ಯಾರೋ ‘ಅನುಬಂಧ’ ಎಂದು ಬರೆದಿದ್ದಾರೆ;
ಅದಕ್ಕೆ ಇನ್ನೊಂದು ಅರ್ಥ ಇದೆಯೆಂದು ಹೊಳೆದಿರಲಾರದು.

ನಾಳೆ ಹನ್ನೊಂದಕ್ಕೆ ಸಹಿ.
ಸೆನೆಟ್ ಹಾಲಿಗೆ ಆಗಲೇ ಕೆಂಪು ಜಮಖಾನ ಬಂದಿದೆ,
ಮೈಸೂರು ಪೇಟ ಆರು, ಶಾಲು ಆರು, ಹಣ್ಣಿನ ಬುಟ್ಟಿ ಆರು.
ಅವರ ಕಡೆಯವರು ಏಳು ಜನ ಅಂತ ಸಂಜೆ ಫೋನು.

ನಾನು ಸಂಶೋಧನಾ ನಿರ್ದೇಶಕಿ,
ಮೂರು ವರ್ಷದಿಂದ ಪ್ರಯೋಗಾಲಯದ ಏಪ್ರನ್ ತೊಟ್ಟಿಲ್ಲ.
ಸ್ಲೈಡುಗಳಲ್ಲಿ ಬಾಣ ಎಳೆಯುತ್ತೇನೆ:
ಇಲ್ಲಿಂದ ಅಲ್ಲಿಗೆ, ವಿಜ್ಞಾನದಿಂದ ಮಾರುಕಟ್ಟೆಗೆ.
ಸುಲಭ, ಮೌಸು ಜಾರಿಸಿದರೆ ಆಯಿತು.

ಪಟ್ಟಿ ಶುರುಮಾಡಿದೆ.
ಒಂದು: ನೀರಿನಲ್ಲಿ ಸೀಸ ಇದೆಯೇ ಎಂದು ಹೇಳುವ ಲೇಪನ,
ಪೇಟೆಂಟ್ ಅರ್ಜಿ ಸಂಖ್ಯೆ ಇಷ್ಟು.
ಎರಡು: ಅದನ್ನು ಓದುವ ತಂತ್ರಾಂಶ.
ಮೂರು

ಎಂದು ಬರೆದು ನಿಂತೆ. ಪೀಣ್ಯದ ಮುನಿವೀರಪ್ಪ.
ಎರಡನೇ ಹಂತ, ಒಳಗಿನ ಅಡ್ಡರಸ್ತೆ, ತಗಡಿನ ಶೆಡ್ಡು,
ಕರೆಂಟು ಹೋದರೆ ಲೇತಿನ ಪಕ್ಕ ಕೂತು ಬೀಡಿ.
ನಮ್ಮ ನಿರ್ವಾತ ಪೆಟ್ಟಿಗೆಯ ಮುಚ್ಚಳ ಸೋರುತ್ತಿತ್ತು;
ಜರ್ಮನಿಯಿಂದ ತರಿಸಲು ಅನುದಾನ ಇರಲಿಲ್ಲ.
ಅವರು ಅಂಚಿನ ಮೇಲೆ ಉಗುರು ಆಡಿಸಿ
‘ಎರಡು ಕೂದಲು ಜಾಸ್ತಿ ಐತೆ ಮೇಡಂ’ ಅಂದರು,
ತೆಗೆದರು.
ಸೋರಿಕೆ ನಿಂತಿತು.
ಬಿಲ್ಲು ಕೇಳಿದರೆ ‘ಮಾರ್ಚ್ ಕಳೀಲಿ’.
ಯಾವ ಮಾರ್ಚ್ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.
ಸಾರ್ವಜನಿಕ–ಖಾಸಗಿ ಸಹಭಾಗಿತ್ವ:
ಆಗ ಆ ಹೆಸರಿರಲಿಲ್ಲ, ಒಂದು ಬೈಟೂ ಕಾಫಿ ಇತ್ತು.

ಗಾಜು ಊದುವ ಆರೋಗ್ಯಸ್ವಾಮಿ.
ಅವರ ಹುದ್ದೆ ನಿವೃತ್ತಿಯ ಜೊತೆಗೇ ರದ್ದಾಯಿತು,
ಕಡತಕ್ಕೆ ಸಹಿ ಹಾಕಿದ್ದು ನಾನೇ.
ಉಸಿರು ಇನ್ನೂ ಮೂರನೇ ಕಪಾಟಿನಲ್ಲಿದೆ,
ಬಾಗಿದ ಕೊಳವೆಗಳ ಆಕಾರದಲ್ಲಿ.

ಮಧ್ಯಾಹ್ನ ಶೀತಲ್ ಬಾಫ್ನಾ, ಕಂಪನಿಯ ವಕೀಲೆ
(ಕೆಟ್ಟವಳಲ್ಲ, ಮಗುವಿಗೆ ಜ್ವರ, ಆದರೂ ಬಂದಿದ್ದಳು):
‘ತೊಂಬತ್ತು ದಿನ ಏನೂ ಪ್ರಕಟಿಸುವಂತಿಲ್ಲ, ಅಷ್ಟೇ.’
ಫರ್ಹೀನ್ ಕೈ ಎತ್ತಿದಳು.
ಲೇಪನ ಅವಳದು, ನಾಲ್ಕು ವರ್ಷ, ಬೆರಳ ತುದಿಯಲ್ಲಿ ಹಳದಿ ಕಲೆ.
‘ನಮ್ಮನೆ ನಲ್ಲೀಲೂ ಪರೀಕ್ಷೆ ಮಾಡಿದೀನಿ.
ಅಮ್ಮಿಗೆ ಹೇಳಬಹುದಾ?’

ಸಭೆ ಬಾಟಲಿ ನೀರು ಕುಡಿಯಿತು.

ಬೇಡವೆನ್ನುವಷ್ಟು ಶ್ರೀಮಂತಳಲ್ಲ ನಾನು.
ಹನ್ನೆರಡು ಕೋಟಿ; ಎರಡು ಮಹಡಿ; ಸೋರದ ಛಾವಣಿ;
ಐದು ಫೆಲೋಶಿಪ್ಪು, ತಿಂಗಳಿಗೆ ತಿಂಗಳು ಬರುವಂಥವು.
ಸಹಿ ಹಾಕುತ್ತೇನೆ.

ರಾತ್ರಿ ಹತ್ತೂವರೆ. ಪ್ರಿಂಟರ್ ಬೆಚ್ಚಗಿದೆ.
ಮೂರನೇ ಸಾಲಿನಲ್ಲಿ ಟೈಪಿಸಿದೆ:
‘ಎರಡು ಕೂದಲು. ಮುನಿವೀರಪ್ಪ, ಪೀಣ್ಯ.’
ನಾಲ್ಕರಲ್ಲಿ: ‘ಉಸಿರು.’
ಐದು: ‘ಮನೆಯವರಿಗೆ ಹೇಳುವುದು ಪ್ರಕಟಣೆ ಅಲ್ಲ.’

ಬೆಳಿಗ್ಗೆ ಅವರು ಕೆಂಪು ಗೆರೆ ಹೊಡೆಯಬಹುದು.
ಹೊಡೆಯಲಿ, ಗೆರೆಯ ಕೆಳಗೂ ಅಕ್ಷರ ಓದಲು ಬರುತ್ತದೆ.

ಈಗ ಉಳಿದದ್ದು ಏಳನೇ ಪೇಟ.
ಚಿಕ್ಕಪೇಟೆಯಲ್ಲಿ ಅಂಗಡಿ ತೆಗೆಯುವುದೇ ಹತ್ತಕ್ಕೆ.