ಹೆಸರಿಲ್ಲದ್ದು

ಹೆರಿಫರ್ಡ್‌ಶೈರಿನ ಒಂದು ಗಾರ್ಡನ್ ಸೆಂಟರಿನಲ್ಲಿ
ಅಕ್ಟೋಬರಿನ ಎರಡನೆಯ ಶನಿವಾರ, ಸೇಬಿನ ಹಬ್ಬ.
ಮೂಲೆಯಲ್ಲಿ ಆಗಲೇ ಕ್ರಿಸ್‌ಮಸ್ ದೀಪ ಕಣ್ಣು ಮಿಟುಕಿಸುತ್ತಿದೆ,
ಯಾರೂ ಆ ಕಡೆ ನೋಡುತ್ತಿಲ್ಲ, ಪಾಪ.
ಕುಂಡ, ಗೊಬ್ಬರದ ಚೀಲ, ಅರ್ಧ ಬೆಲೆಯ ಜಿರೇನಿಯಂ
ಎಲ್ಲ ಪಕ್ಕಕ್ಕೆ ಸರಿದು ಜಾಗ ಬಿಟ್ಟಿವೆ
ಉದ್ದನೆಯ ಮೇಜೊಂದಕ್ಕೆ.

ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಸೇಬು, ಸೇಬಿನ ಮುಂದೆ ಚೀಟಿ.
ಗುಂಡಗಿನದು, ಚಪ್ಪಟೆಯದು, ಕುರಿಯ ಮೂತಿಯಂಥದು,
ಮೈತುಂಬ ತುಕ್ಕು ಹಿಡಿದ ರಸೆಟ್,
ಅಂಗೈಗೆ ಮೀರಿದ ಬ್ರಾಮ್ಲಿ:
ಹಸಿ ಕಚ್ಚಿದರೆ ಹಲ್ಲು ಜುಮ್ಮೆನ್ನಿಸಿ
ಬೇಯಿಸಿದರೆ ಬೆಣ್ಣೆಯಾಗುವ ಜಾತಿ.

ಹೊರಗೆ ಗಾಣ ತಿರುಗಿಸುತ್ತಾಳೆ ಬ್ರಯೊನಿ,
ಹದಿನಾರರ ಹುಡುಗಿ, ಶನಿವಾರದ ಕೂಲಿ.
ಹೊಸ ನೀರು ಬಂದ ಕೆರೆಯ ಬಣ್ಣದಲ್ಲಿ ರಸ ಇಳಿಯುತ್ತದೆ.
ಎಲ್ಲರೂ ಸರದಿಯಲ್ಲಿ ನಿಂತಿದ್ದಾರೆ, ಕಣಜಗಳನ್ನು ಬಿಟ್ಟು.
ಅತ್ತ ಸಿಪ್ಪೆಯ ಪಂದ್ಯ: ಕಡಿಯದಂತೆ ಯಾರದು ಅತಿ ಉದ್ದ?
ನಿವೃತ್ತ ದಂತವೈದ್ಯರೊಬ್ಬರು
ಉಸಿರು ಬಿಗಿಹಿಡಿದು ಕೂತಿದ್ದಾರೆ.

ಹೆಸ್ಟರ್ ಗ್ವಿಲಿಯಂ ಕೂತದ್ದು ಹೆಸರು ಹೇಳುವ ಮೇಜಿನಲ್ಲಿ.
ಎಪ್ಪತ್ತಾರು ದಾಟಿದ ಕೈ, ಸಣ್ಣದೊಂದು ಚಾಕು.
ಜನ ಚೀಲ ಹಿಡಿದು ಬರುತ್ತಾರೆ, ಜಾತಕ ತಂದವರ ಹಾಗೆ:
'ಅಜ್ಜಿಯ ಹಿತ್ತಿಲದ್ದು.'
'ಮನೆ ಕೊಂಡಾಗಲೇ ಇತ್ತು, ಕಡಿಯೋಣ ಅಂದಿದ್ದೆವು.'
ಅವಳು ತೊಟ್ಟು ನೋಡುತ್ತಾಳೆ, ಹೊಕ್ಕುಳು ನೋಡುತ್ತಾಳೆ,
ಅಡ್ಡ ಸೀಳಿ ಒಳಗಿನ ನಕ್ಷತ್ರ ನೋಡುತ್ತಾಳೆ,
ಮೂಸಿ, ಕಚ್ಚಿ, ಬಕೆಟ್ಟಿಗೆ ಉಗಿದು
ಹೆಸರು ಹೇಳುತ್ತಾಳೆ.
ಅದನ್ನು ಕಲ್ಲುಸಕ್ಕರೆಯಂತೆ ಚೀಪುತ್ತ
ಅವರು ಕಾರಿನ ಕಡೆ ನಡೆಯುತ್ತಾರೆ.

ನಾಲ್ಕು ಗಂಟೆಗೆ ಬಂದ ಐವರ್ ಪ್ರಾಸರ್,
ಶಾಲೆಯ ಬಸ್ಸು ಇಪ್ಪತ್ತೊಂಬತ್ತು ವರ್ಷ ಓಡಿಸಿದವ.
ಕೋಟಿನ ಜೇಬಿಂದ ತೆಗೆದ ಮೂರು ಹಣ್ಣು,
ಹಳದಿ ಮೈ, ಒಂದೇ ಕೆನ್ನೆ ಕೆಂಪು, ಏಟು ತಿಂದಂತೆ.
'ಸೇತುವೆಯಾಚೆಯ ತಿರುವು. ಕೊನೆಯ ಸ್ಟಾಪಿನ ಬೇಲಿಯಲ್ಲಿದೆ ಮರ.
ಯಾರೂ ನೆಟ್ಟದ್ದಲ್ಲ.'

ಸೀಳಿದಳು. ನೋಡಿದಳು. ಕಚ್ಚಿದಳು.
ಈ ಸಲ ಉಗಿಯಲಿಲ್ಲ.
ಪುಸ್ತಕ ತೆರೆದು, ಮುಚ್ಚಿ,
'ಇದಕ್ಕೆ ಹೆಸರಿಲ್ಲ' ಅಂದಳು.

ಬಿತ್ತಿದಂತೆ ಬೆಳೆ ಅನ್ನುವ ಮಾತು ಸೇಬಿನೆದುರು ನಡೆಯದು.
ನೂಲಿನಂತೆ ಸೀರೆಯೂ ಇಲ್ಲಿಲ್ಲ.
ಬ್ರಾಮ್ಲಿಯ ಬೀಜ ಬ್ರಾಮ್ಲಿಯಾಗುವುದಿಲ್ಲ;
ಹೆಸರು ಉಳಿಯಬೇಕೆಂದರೆ ಕಸಿ ಕಟ್ಟಬೇಕು,
ಒಂದೇ ಮರವನ್ನು ಕೊಂಬೆಯಿಂದ ಕೊಂಬೆಗೆ ದಾಟಿಸಿ
ನೂರಾರು ವರ್ಷ ಸಾಯಲು ಬಿಡದೆ ಕಾಡಬೇಕು.
ಎಸೆದ ಬೀಜ ಮಾತ್ರ ತನ್ನಿಷ್ಟಕ್ಕೆ ಹುಟ್ಟುತ್ತದೆ.
ಹುಟ್ಟಿದ್ದರಲ್ಲಿ ಬಹಳಷ್ಟು ಬರೀ ಒಗರು, ಹಂದಿಗೂ ಬೇಡ.
ಎಲ್ಲೋ ಒಂದು,

'ಯಾರೋ ತಿಂದು ಎಸೆದ ದಿಂಡು' ಅಂದಳು ಹೆಸ್ಟರ್,
'ಇಪ್ಪತ್ತು ವರ್ಷವಾಗಿರಬೇಕು. ಬಸ್ಸಿನ ಕಿಟಕಿಯಿಂದಲೋ ಏನೋ.'

ಐವರ್ ಸುಮ್ಮನಾದ.
ಕಿಟಕಿಯಿಂದ ಎಸೆಯಬೇಡಿ ಎಂದು ಎಷ್ಟು ಗದರಿದ್ದ!
ಒಬ್ಬನನ್ನಂತೂ, ಗೆಥಿನ್ ಎಂಬ ಚುರುಕು ಕಣ್ಣಿನವನನ್ನು,
ಮಳೆಯಲ್ಲಿ ಒಂದು ಸ್ಟಾಪು ಮೊದಲೇ ಇಳಿಸಿದ್ದ.
ಕೊಡೆಯಿಲ್ಲದ ಆ ಪುಟ್ಟ ಬೆನ್ನು
ತಿರುವಿನವರೆಗೂ ಕನ್ನಡಿಯಲ್ಲಿತ್ತು.
ಅವನೇ ಅಂತಲ್ಲ. ಯಾರೋ.
ನಲವತ್ತು ಸೀಟು, ಇಪ್ಪತ್ತೊಂಬತ್ತು ವರ್ಷ.

ಖಾಲಿ ಚೀಟಿಯೊಂದನ್ನು ಅವಳು ಮುಂದೆ ತಳ್ಳಿದಳು:
'ತಂದವರೇ ಹೆಸರಿಡಬೇಕು.'
ಪೆನ್ನಿನ ತುದಿ ಅಲ್ಲೇ ನಿಂತಿತು. ಒಂದು ಚುಕ್ಕೆ ಬಿತ್ತು.
'ರುಚಿ ಹೇಗಿದೆ?' ಅಂದ.
'ನೀವು ತಿಂದಿಲ್ಲವೇ?'
'ಇಲ್ಲ.'

ಉಳಿದರ್ಧವನ್ನು ಚಾಕುವಿನ ತುದಿಯಲ್ಲೇ ಚಾಚಿದಳು.
ಅಗಿದ. ಹುಳಿ.
ತಡವಾಗಿ, ಕಿವಿಯ ಕೆಳಗೆಲ್ಲೋ, ಸಿಹಿ.

ಹೊರಗೆ ಚಪ್ಪಾಳೆ: ದಂತವೈದ್ಯರ ಸಿಪ್ಪೆ ನೆಲ ಮುಟ್ಟಿತು.
ಬ್ರಯೊನಿ ಗಾಣ ತೊಳೆಯುತ್ತಿದ್ದಳು.
ಚೀಟಿಯಲ್ಲಿ ಚುಕ್ಕೆ ಒಂದೇ.
ಬಕೆಟ್ಟು ಕಾಲ ಬಳಿಯೇ ಇತ್ತು, ಆದರೂ
ದಿಂಡನ್ನು ಕೈಯಲ್ಲೇ ಹಿಡಿದು ಅವನು ಕಾರಿಗೆ ಹೋದ,
ಸೇತುವೆ ದಾಟಿದ ಮೇಲೆ ಕಿಟಕಿಯ ಗಾಜು ಇಳಿಸಿದ,
ಯಾರಾದರೂ ನೋಡುತ್ತಿದ್ದಾರೆಯೇ ಎಂದು
ಕನ್ನಡಿಯಲ್ಲೊಮ್ಮೆ ನೋಡಿಕೊಂಡ.