ಬಿಲ್ಲೆ ನಂಬರು

ಮಾರಿಕುಪ್ಪಂ ರೈಲಿಳಿದು ಬಂದ ನನ್ನ ತಮ್ಮ ಕೃಪಾಕರ,
ಬಿಳಿ ಅಂಗಿ, ಕಪ್ಪು ಟೈ, ಈ ಬಿಸಿಲಲ್ಲಿ.
ಕಾಫಿ ಬಗ್ಗಿಸಿದೆ. ಲೋಟ ಮುಟ್ಟಲಿಲ್ಲ.
"ಈಗ ಕುಡಿಯಲ್ಲಕ್ಕ, ಟೀನೂ ಇಲ್ಲ. ಬಿಸಿನೀರು ಸಾಕು."
ಮಾರ್ಮನ್ ಸಭೆಗೆ ಸೇರಿದನಂತೆ,
ಮತ್ತೆ ದೀಕ್ಷಾಸ್ನಾನವಂತೆ, ತಲೆ ಪೂರ್ತಿ ಮುಳುಗಿ.
"ನಾನೇ ಎತ್ತಿಕೊಂಡಿದ್ದೆನಲ್ಲೋ ನಿನ್ನ, ಮೂರು ತಿಂಗಳ ಕೂಸು,
ಪಾದ್ರಿ ಹಣೆಗೆ ನೀರು ಹಾಕಿದರೆ ಅವರ ತೋಳಿಗೆ ಉಚ್ಚೆ ಹೊಯ್ದೆ.
ಅದು ಲೆಕ್ಕಕ್ಕಿಲ್ಲವಾ?"
"ಲೆಕ್ಕಕ್ಕಿಲ್ಲ" ಅಂದ. ಮೆತ್ತಗೇ ಅಂದ, ಪಾಪ.

ಅಮೆರಿಕದ ಒಂದು ಗುಡ್ಡದಲ್ಲಿ ಹಳ್ಳಿ ಹುಡುಗನೊಬ್ಬನಿಗೆ
ದೂತ ತೋರಿಸಿದ ಚಿನ್ನದ ತಗಡುಗಳ ಕತೆ ಹೇಳಿದ.
ನಾನು ನಗಲಿಲ್ಲ. ಆದರೆ ನಾವು ಚಾಂಪಿಯನ್ ರೀಫಿನವರು,
ನೆಲದೊಳಗಿಂದ ಚಿನ್ನ ಹೇಗೆ ಬರುತ್ತದೆ ಅಂತ ಗೊತ್ತು:
ಲಾರಿಗಟ್ಟಲೆ ಕಲ್ಲಿಗೆ ಒಂದು ಚಿಟಿಕೆ. ಉಳಿದದ್ದು
ಸಯನೈಡ್ ಗುಡ್ಡವಾಗಿ, ಗಾಳಿಗೆದ್ದು, ಊಟದ ತಟ್ಟೆಗೆ.
"ಈಗೆಲ್ಲಿವೆ ಆ ತಗಡು?"
"ದೂತನೇ ವಾಪಸ್ ತಗೊಂಡ."
"ಕಂಪನಿಯವರೂ ಹಾಗೇ ಹೇಳಿದ್ದರು" ಅಂದೆ.
ಅಲ್ಲಿಗೆ ಬಿಟ್ಟೆ.
ಖಾಲಿ ಸಮಾಧಿಯನ್ನು ನಾನೂ ಇಣುಕಿ ನೋಡಿದವಳಲ್ಲ.

ಮೂವತ್ತೊಂದು ವರ್ಷ ಸಂಡೆ ಸ್ಕೂಲಲ್ಲಿ ಹೇಳಿಕೊಟ್ಟಿದ್ದೇನೆ,
ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು,
ಆದರೂ ದೇವರು ಒಬ್ಬನೇ.
ಒಂದು ಸಲ ಪುಟ್ಟಿಯೊಬ್ಬಳು ಬೆರಳು ಮಡಚಿ ಎಣಿಸಿ
"ಟೀಚರ್, ಲೆಕ್ಕ ತಪ್ಪಿದೆ" ಅಂದಳು; ಮಿಠಾಯಿ ಕೊಟ್ಟು ಕೂರಿಸಿದೆ.
ತಮ್ಮನ ಲೆಕ್ಕ ಸಲೀಸು. ಮೂವರು ಮೂವರೇ,
ಮನಸ್ಸು ಒಂದು, ಆಳು ಬೇರೆ.
ತಂದೆಗೆ ಮಾಂಸ ಇದೆ, ಮೂಳೆ ಇದೆ.
ನಾನು ನರ್ಸಾಗಿದ್ದವಳು, ಮೂಳೆ ಅಂದರೆ ಪ್ಲಾಸ್ಟರು ನೆನಪಾಗುತ್ತದೆ.
"ಸವೆಯದ ಮೂಳೆ ಅಕ್ಕ. ನಾವೂ ಒಂದು ದಿನ ಅವನ ಹಾಗಾಗಬಹುದು."
ಅವನ ಹಾಗೆ!
ನಾಲಿಗೆ ಒಣಗಿತು ನನಗೆ.
ನಮ್ಮಲ್ಲಿ ಕುಂಬಾರ ಕುಂಬಾರನೇ, ಮಡಕೆ ಮಡಕೆಯೇ;
ಏನೂ ಇಲ್ಲದ ಕಡೆ ಆಗಲಿ ಅಂದ, ಆಯಿತು.
ಅವರಲ್ಲಿ ಏನೂ ಇಲ್ಲದ ದಿನವೇ ಇರಲಿಲ್ಲ.
ಅದಿರು ಮೊದಲೇ ಇತ್ತು, ದೇವರು ಸೋಸಿದ, ಜೋಡಿಸಿದ.
ಮಿಲ್ಲಿನಲ್ಲಿ ದುಡಿದವರ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.
ಅದೇ ನನಗೆ ಹೆದರಿಕೆ.

ಬಂದ ಕೆಲಸ ಆಮೇಲೆ ಹೇಳಿದ:
ಅಪ್ಪನ ಹೆಸರು ಬೇಕು, ಹುಟ್ಟಿದ ತಾರೀಕು ಬೇಕು.
ಅಪ್ಪ ಪಿಳ್ಳಪ್ಪ. ಅಮ್ಮ ಎಷ್ಟು ಕರೆದರೂ
ಚರ್ಚಿನ ಗೇಟಿನವರೆಗೆ ಬಂದು ಬೀಡಿ ಹಚ್ಚಿ ನಿಲ್ಲುತ್ತಿದ್ದವನು.
ಬಂಡೆ ಸಿಡಿದ ರಾತ್ರಿಯೂ ತಾಯತ ಕಟ್ಟಿಕೊಂಡೇ ಕೇಜು ಹತ್ತಿದ.
ಅವನ ಬದಲು ಬೇರೆ ಯಾರೋ ನೀರಲ್ಲಿ ಮುಳುಗುತ್ತಾರಂತೆ
ಅವನ ಹೆಸರು ಹೇಳಿ.
ಅಮ್ಮನಿಗೂ ಹಾಗೇ, ಅವಳದೂ ಲೆಕ್ಕಕ್ಕಿಲ್ಲವಲ್ಲ.
ಆಮೇಲೆ ಇಬ್ಬರಿಗೂ ಗಂಟು, ಸಾವಿಗೂ ಬಿಚ್ಚದ ಗಂಟು.
"ಅಮ್ಮನ್ನ ಕೇಳಿದೆಯೇನೋ?" ಅಂದೆ. ಇಬ್ಬರೂ ನಕ್ಕೆವು.
ನಮ್ಮ ಪಾದ್ರಿಗಳು ಸಾವಿನ ತನಕ ಅಂತ ಅಲ್ಲಿಗೇ ನಿಲ್ಲಿಸಿದ್ದು
ಅಮ್ಮನಂಥವರ ಮೇಲಿನ ಕರುಣೆಯಿಂದಲೇ ಇರಬೇಕು.

ನಗು ನಿಂತ ಮೇಲೆ ಮನೆ ಸುಮ್ಮನಾಯಿತು.
ನಮ್ಮಲ್ಲಿ ಉಸಿರು ನಿಂತರೆ ಬಾಗಿಲು ಮುಚ್ಚಿತು.
ಅಪ್ಪ ಎಲ್ಲಿದ್ದಾನೆ ಅಂತ ನಲವತ್ತಾರು ವರ್ಷ
ನಾನು ಯಾರನ್ನೂ ಕೇಳಿಲ್ಲ,
ಉತ್ತರ ಗೊತ್ತಿದ್ದದ್ದಕ್ಕೇ.
"ಅವನು ಬೇಡ ಅನ್ನಬಹುದಾ?"
"ಅನ್ನಬಹುದು. ಬಲವಂತ ಇಲ್ಲ."
"ಬೀಡಿ ಹಚ್ಚಿಕೊಂಡು ಗೇಟಲ್ಲೇ ನಿಂತರೆ?"
"ನಿಲ್ಲಲಿ ಬಿಡು. ಗೇಟು ತೆಗೆದಿರುತ್ತೆ."

ಹುಟ್ಟಿದ ತಾರೀಕು ಯಾರಿಗೆ ಗೊತ್ತು.
ಟ್ರಂಕಿನ ತಳದಿಂದ ಹಿತ್ತಾಳೆ ಬಿಲ್ಲೆ ತೆಗೆದೆ.
ಇಳಿಯುವಾಗ ಒಂದು ಜೇಬಿಗೆ, ಅದರ ಜೋಡಿ ಟೈಮಾಫೀಸಿನ ಮೊಳೆಗೆ;
ಬೆಳಗ್ಗೆ ಯಾರ ಬಿಲ್ಲೆ ಮೊಳೆಯಲ್ಲೇ ಉಳಿಯಿತೋ ಅವನಿನ್ನೂ ಕೆಳಗೆ.
ಇದು ಉಳಿದದ್ದು.
ಹೆಸರಿಲ್ಲ. ೪೧೭೩, ಅಷ್ಟೆ.
"ಇದನ್ನ ಬರಕೋ."
"ಫಾರಂನಲ್ಲಿ ಜಾಗ ಇಲ್ಲಕ್ಕ" ಅಂದ,
ಆದರೂ ಅಂಚಿನಲ್ಲಿ ಬರೆದುಕೊಂಡ.

ಮಾಡಿದ್ದು ಸರಿಯಲ್ಲ, ಗೊತ್ತು. ಭಾನುವಾರ ಯಾರಿಗೂ ಹೇಳುವುದಿಲ್ಲ.
ಅವನು ಹೋದ ಮೇಲೆ ಅವನ ಕಾಫಿಯನ್ನೂ ನಾನೇ ಕುಡಿದೆ,
ಕೆನೆ ಕಟ್ಟಿ ತಣ್ಣಗಾಗಿತ್ತು.
ಬಿಲ್ಲೆ ಮತ್ತೆ ಟ್ರಂಕಿಗೆ ಹೋಗಲಿಲ್ಲ.
ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದ್ದೇನೆ,
ಷಿಫ್ಟು ಇನ್ನೂ ಮುಗಿದಿಲ್ಲ ಅನ್ನುವ ಹಾಗೆ.